ಎರಡು ಪ್ಯಾನೆಲ್, ನಾಲ್ಕು ಗಾಜಿನ ಹೆಂಚು

ಸೆಪ್ಟೆಂಬರ್ 8, ಸೋಮವಾರ. ಬೆಳಿಗ್ಗೆ

ಇವತ್ತೂ ಹಲ್ಲುಜ್ಜುವ ಮೊದಲು ಮೊಬೈಲ್. ಇನ್ವರ್ಟರ್ ಆ್ಯಪ್ ತೆರೆದು ನೆಗಮಂ ಊರಿನ ಮನೆಯ ಸೋಲಾರ್ ಗ್ರಾಫ್ ನೋಡಿದೆ. ನಿನ್ನೆ ಮಧ್ಯಾಹ್ನ ಮೋಡಕ್ಕೆ ಒಂದು ತಗ್ಗು, ಉಳಿದಂತೆ ಭರ್ಜರಿ. ಹೆಂಡತಿ ವಿನೋದಿನಿ ಕಾಫಿ ತಂದಿಟ್ಟು, "ದೇವ್ರ ಪಟ ನೋಡೋಕೆ ಮುಂಚೆ ಅದ್ರ ಮೊಗ ನೋಡ್ಬೇಕಾ ನೀವು?" ಅಂದಳು. ಅವಳಪ್ಪನ ಮನೆಯ ಹೆಂಚಿನ ಮೇಲೆ ನಾನೇ ಕೂರಿಸಿದ ಪ್ಯಾನೆಲ್‌ಗಳು. ನೋಡದೆ ಇರಲಾಗುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು.

ಆಫೀಸು ಗಣಪತಿ ಎಂಬ ಬಡಾವಣೆಯಲ್ಲಿ. ನಮ್ಮ ಓನರ್ ಮೋಹನ್‌ರಾಜ್ ಸಾರ್ ಅವರ ಅಪ್ಪ ಅಲ್ಲೇ ಪಂಪ್ ಮೋಟಾರಿಗೆ ಕಾಯಿಲ್ ಸುತ್ತುತ್ತಿದ್ದವರು. ಹೊಲದ ಪಂಪಿಗೆ ಸೋಲಾರ್ ಬಂದಾಗ ಮಗ ಪೂರ್ತಿ ಸೋಲಾರ್ ಕಡೆ ತಿರುಗಿದರು. ಈಗ ಲೇತ್ ಶೆಡ್‌ಗಳ ನಡುವೆ ನಮ್ಮದೊಂದು ಎ.ಸಿ. ಆಫೀಸು. ನವೆಂಬರಿನಲ್ಲಿ ಹತ್ತನೇ ವರ್ಷದ ಫಂಕ್ಷನ್. ಪ್ರೆಸೆಂಟೇಶನ್ ನನ್ನ ತಲೆಗೆ. "ಸೋಲಾರ್ ಹುಟ್ಟಿದ್ದು, ಬೆಳೆದದ್ದು ಎಲ್ಲ ಇರಲಿ ಸತೀಶ್. ಕಡೇ ಸ್ಲೈಡ್ ಮಾತ್ರ ನಿಮ್ಮ ಮಾವನ ಮನೆ" ಅಂದಿದ್ದಾರೆ. ಕೈಮಗ್ಗದ ಹೆಂಚಿನ ಮನೆ ಮೇಲೆ ಮೂರು ಕಿಲೋವ್ಯಾಟ್! ಒಂದು ಹೆಂಚೂ ಒಡೆಯದೆ, ಗೋಡೆಯ ಮೇಲೆ ಪೈಪ್ ನಿಲ್ಲಿಸಿ ಕೂರಿಸುವ ಫ್ರೇಮ್—ನನ್ನ ಡಿಸೈನ್. ಆಫೀಸಿನಲ್ಲಿ ಅದಕ್ಕೆ 'ನೆಗಮಂ ಮಾಡೆಲ್' ಅಂತ ಹೆಸರೇ ಬಿದ್ದಿದೆ.

ತಮಿಳು ಸೀಮೆಯಲ್ಲಿ ಹುಟ್ಟಿ ಬೆಳೆದವರು ನಾವು, ಮನೆಮಾತು ಕನ್ನಡವಾದರೂ ನಮ್ಮೆರಡು ಮನೆಗಳಲ್ಲಿ ಕನ್ನಡ ಓದಲು ಬರುವವನು ನಾನೊಬ್ಬನೇ. ಪಾವಗಡದ ಸೋಲಾರ್ ಪಾರ್ಕ್ ಕೆಲಸಕ್ಕೆ ಹೋಗಿದ್ದಾಗ ಬಸ್ ಬೋರ್ಡು, ಟೀ ಅಂಗಡಿಯ ಪೇಪರ್ ನೋಡಿ ಕಲಿತದ್ದು. "ಸಾರ್, ನೀವ್ ಮಾತಾಡೋದು ಕನ್ನಡಾನೋ ತಮಿಳೋ?" ಅಂತ ಅಲ್ಲಿಯವರು ನಗುತ್ತಿದ್ದರು. ಬರೆಯುವಾಗ ಮಾತ್ರ ಪೇಪರಿನ ಕನ್ನಡ ಬರುತ್ತದೆ. ಯಾರೂ ಓದುವುದಿಲ್ಲ. ಬಾಯಿಗೆ ಬಂದದ್ದು ಬರೆಯಬಹುದು.

ಸೆಪ್ಟೆಂಬರ್ 14, ಭಾನುವಾರ. ಸಂಜೆ

ನೆಗಮಂಗೆ ಹೋಗಿ ಬಂದೆವು. ಬೈಕ್ ನಿಲ್ಲಿಸುವಷ್ಟರಲ್ಲಿ ಒಳಗೆ ಮಗ್ಗದ ಸದ್ದು ಶುರುವಾಯಿತು. ಟ್ಯೂಬ್‌ಲೈಟ್ ಉರಿಯುತ್ತಿತ್ತು. ಅತ್ತೆ ರುಕ್ಮಣಿ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುತ್ತಿದ್ದರು. ನನ್ನನ್ನು ಕಂಡ ಕೂಡಲೇ ಸೆರಗು ಸರಿಮಾಡಿಕೊಂಡು ಎದ್ದರು.

"ಮಾಪ್ಳೆ ಕಾಪಿ ಕುಡೀತಾರಾ ಕೇಳ್ರಿ."

"ಕುಡೀತಾರೆ, ಹಾಕು" ಅಂದರು ಮಾವ ಗೋಪಾಲಸಾಮಿ. ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ.

ಅತ್ತೆ ನನ್ನ ಜೊತೆ ನೇರ ಮಾತಾಡುವುದಿಲ್ಲ. ಮದುವೆಯಾದಾಗಿನಿಂದ ಹೀಗೇ—ಮಾವನಿಗೋ, ವಿನೋದಿನಿಗೋ, ಯಾರೂ ಇಲ್ಲದಿದ್ದರೆ ಗೋಡೆಗೋ ಹೇಳಿ ನನಗೆ ಮುಟ್ಟಿಸುತ್ತಾರೆ. ಅಳಿಯನೆಂದರೆ, ಅವರ ಬಾಯಲ್ಲಿ ಮಾಪ್ಳೆ, ಅಷ್ಟು ಮರ್ಯಾದೆ. ಅಳಿಯನ ತಪ್ಪನ್ನು ಹೇಳುವ ಪದ್ಧತಿಯಂತೂ ಇಲ್ಲವೇ ಇಲ್ಲ. ಸಾರಿಗೆ ಉಪ್ಪು ಜಾಸ್ತಿ ಎಂದು ನಾನು ಹೇಳಬಹುದು. ನಾನಿಟ್ಟ ಏಣಿ ವಾಲಿದೆ ಎಂದು ಅವರು ಹೇಳುವಂತಿಲ್ಲ. ಹೊಸತರಲ್ಲಿ ಇದು ಬಹಳ ಹಿತವಾಗಿತ್ತು. ಸುಳ್ಳೇಕೆ... ಈಗಲೂ ಹಿತವೇ.

ಮಗ್ಗದ ನೆತ್ತಿಗೆ ಸರಿಯಾಗಿ ಆ ಮನೆಯ ಹೆಂಚಿನಲ್ಲಿ ನಾಲ್ಕು ಗಾಜಿನ ಹೆಂಚುಗಳಿವೆ, ಇಲ್ಲಿಯವರ ಬಾಯಲ್ಲಿ ಕಣ್ಣಾಡಿ ಓಡು. ನೇಯುವವರ ಮನೆಗಳಲ್ಲೆಲ್ಲ ಇರುತ್ತವೆ, ಹಗಲಿನ ಬೆಳಕು ನೇರ ನೂಲಿನ ಮೇಲೆ ಬೀಳಲಿ ಅಂತ. ಸಿರುಮುಗೈಯಲ್ಲಿ ನಾನು ಹುಟ್ಟಿ ಬೆಳೆದ ಮನೆಯಲ್ಲೂ ಇತ್ತು. ಅಮ್ಮ ಅದರ ಕೆಳಗೆ ನೇಯುತ್ತಿದ್ದಳು, ನಾನು ಪಕ್ಕದಲ್ಲಿ ಆ ಬೆಳಕಿನ ಚೌಕದಲ್ಲೇ ಕೂತು ಹೋಂವರ್ಕ್ ಮಾಡುತ್ತಿದ್ದೆ. ಹಾಗಾಗಿ ಗೊತ್ತಿರಲಿಲ್ಲ ಅಂತ ನಾನು ಹೇಳುವಂತಿಲ್ಲ. ಜುಲೈಯಲ್ಲಿ ಅಳತೆ ತೆಗೆದ ದಿನವೇ ಗೊತ್ತಿತ್ತು. ನಾಲ್ಕು ಪ್ಯಾನೆಲ್ ಹಾಕಿದರೆ ಗಾಜಿನ ಹೆಂಚು ತೆರೆದಿರುತ್ತದೆ, ಆರು ಹಾಕಿದರೆ ಮುಚ್ಚುತ್ತದೆ. ನಾಲ್ಕಕ್ಕೆ ಎರಡು ಕಿಲೋವ್ಯಾಟ್ ಚಿಲ್ಲರೆ, ಆರಕ್ಕೆ ಮೂರರ ಮೇಲೆ. ಮೂರು ಅಂತ ಹೇಳಿಕೊಳ್ಳುವ ಗತ್ತೇ ಬೇರೆ.

ಅವತ್ತು ಮಾವ ಏಣಿಯ ಬುಡದಲ್ಲಿ ನಿಂತು ಒಂದೇ ಒಂದು ಸಲ ಕೇಳಿದರು: "ಕಣ್ಣಾಡಿ ಓಡು ಮುಚ್ಚೋಗುತ್ತಲ್ಲ ಮಾಪ್ಳೆ?"

"ಎರಡು ಟ್ಯೂಬ್‌ಲೈಟ್ ಹಾಕ್ಕೊಡ್ತೀನಿ ಮಾಮ. ಬಿಸ್ಲು ಬರುತ್ತೆ, ಹೋಗುತ್ತೆ. ಇದು ಯಾವಾಗ್ಲೂ ಒಂದೇ ಥರ ಇರುತ್ತೆ."

"ನೀವ್ ಹೇಳಿದ್ರೆ ಶರಿ."

ಅಷ್ಟೇ. ಮತ್ತೆ ಕೇಳಲಿಲ್ಲ. ತಮಾಷೆಯೆಂದರೆ ಕೈಮಗ್ಗದ ಮನೆಗೆ ಸರ್ಕಾರದ ಪುಕ್ಕಟೆ ಯುನಿಟ್ ಇದೆ, ಅವರಿಗೆ ಕರೆಂಟ್ ಬಿಲ್ಲೇ ಬರುತ್ತಿರಲಿಲ್ಲ. ಸೋಲಾರ್ ಬೇಕಾಗಿದ್ದದ್ದು ನನಗೆ.

ಇವತ್ತು ಕೇಳಿದೆ, ಟ್ಯೂಬ್‌ಲೈಟ್ ಬೆಳಕು ಸಾಕಾ ಅಂತ. ಅತ್ತೆ ಅಡುಗೆಮನೆ ಬಾಗಿಲ ಹಿಂದಿನಿಂದ, "ಚೆನ್ನಾಗೈತೆ ಅಂತ ಹೇಳ್ರಿ" ಅಂದರು. ಚೆನ್ನಾಗಿದೆಯಂತೆ. ಬರೆದುಕೊಂಡೆ.

ಸೆಪ್ಟೆಂಬರ್ 23, ಮಂಗಳವಾರ. ಆಫೀಸು, ಊಟದ ಹೊತ್ತು

ಸ್ಲೈಡ್‌ಗಳು. 1839—ಫ್ರಾನ್ಸಿನಲ್ಲಿ ಹತ್ತೊಂಬತ್ತರ ತರುಣನೊಬ್ಬ ಅಪ್ಪನ ಲ್ಯಾಬಿನಲ್ಲಿ ಆಟವಾಡುತ್ತ, ದ್ರಾವಣದಲ್ಲಿಟ್ಟ ತಗಡಿಗೆ ಬೆಳಕು ಬಿದ್ದರೆ ಕರೆಂಟ್ ಹುಟ್ಟುತ್ತದೆಂದು ಕಂಡ. 1954—ಅಮೆರಿಕದ ಟೆಲಿಫೋನ್ ಕಂಪನಿಯ ಲ್ಯಾಬಿನಲ್ಲಿ ಸಿಲಿಕಾನ್ ಸೆಲ್. ಜನಕ್ಕೆ ನಂಬಿಕೆ ಬರಲೆಂದು ಆಟಿಕೆಯ ಜಾತ್ರೆ ರಾಟೆ ತಿರುಗಿಸಿ ತೋರಿಸಿದರಂತೆ. ನಾಲ್ಕು ವರ್ಷಕ್ಕೆ ಉಪಗ್ರಹ ಹತ್ತಿ ಆಕಾಶಕ್ಕೆ ಹೋಯಿತು. ಅಲ್ಲಿಂದ ನಮ್ಮ ಊರುಗಳ ನೆಲಕ್ಕೆ ಇಳಿಯಲು ಮಾತ್ರ ಇನ್ನೊಂದು ತಲೆಮಾರು ಬೇಕಾಯಿತು.

ನಮ್ಮ ಕಡೆ ಮೊದಲು ಏನು ಬಂತು ಅಂತ ಮಾವನಿಗೆ ಫೋನ್ ಮಾಡಿ ಕೇಳಿದೆ.

"ನಮ್ ಬೀದಿಗೇ ಬಂದಿತ್ತಲ್ಲ ಮಾಪ್ಳೆ ಸೋಲಾರ್ ದೀಪ! ವಿನೋದಿನಿ ಹುಟ್ಟಿದ ವರ್ಷ. ಒಂದ್ ಮಳೆಗಾಲ ಉರೀತು. ಆಮೇಲೆ ಯಾರೋ ಬ್ಯಾಟ್ರಿ ಬಿಚ್ಕೊಂಡೋದ್ರು. ಕಂಬ ಮಾತ್ರ ಗಟ್ಟಿ. ಎಮ್ಮೆ ಕಟ್ತಿದ್ವಿ."

ನಗು ತಡೆಯಲಾಗಲಿಲ್ಲ. ಮೋಹನ್‌ರಾಜ್ ಸಾರ್‌ಗೆ ಹೇಳಿದೆ, ಅವರೂ ನಕ್ಕರು. "ಎಮ್ಮೆ ಕಂಬದಿಂದ ನೆಗಮಂ ಮಾಡೆಲ್‌ವರೆಗೆ—ಸೂಪರ್ ಕಣ್ರೀ, ಇದನ್ನೇ ಹೇಳಿ." ನಾನು ಕೆಲಸಕ್ಕೆ ಸೇರಿದಾಗ ಒಂದು ಪ್ಯಾನೆಲ್ ಅಂದರೆ ಎರಡು ಬಲ್ಬಿನ ಮಾತು. ಈಗ ಒಂದೊಂದು ಐನೂರು ವ್ಯಾಟ್ ಮೇಲೆ, ಬೆಲೆ ನೆಲ ಕಚ್ಚಿದೆ. ಪಾವಗಡದಲ್ಲಿ ಕಣ್ಣು ಹಾಯಿಸಿದಷ್ಟು ದೂರ ನೀಲಿ. ಇಂಥ ಕೆಲಸದಲ್ಲಿದ್ದೇನೆ ಅಂತ ಹೆಮ್ಮೆಯಾಗುತ್ತದೆ, ನಿಜವಾಗಿ.

ಅಕ್ಟೋಬರ್ 20, ದೀಪಾವಳಿ. ಬೆಳಿಗ್ಗೆ 9

ಹಬ್ಬದ ದಿನ ಬರೆಯಬಾರದಿತ್ತು. ಆದರೂ.

ಎಣ್ಣೆಸ್ನಾನ, ಪಟಾಕಿ, ಎಲ್ಲ ಆಯಿತು. ವಿನೋದಿನಿ ತನ್ನಮ್ಮ ಕೊಟ್ಟ ಹೊಸ ಸೀರೆ ಉಟ್ಟಳು. ನೆಗಮಂ ಕಾಟನ್, ಅರಗಿನ ಕೆಂಪು ಒಡಲು, ಹಳದಿ ಅಂಚು. ಅತ್ತೆಯೇ ನೇಯ್ದದ್ದು. ಫೋಟೋ ತೆಗೆಯಿರಿ ಅಂತ ತಾರಸಿಗೆ ಕರೆದುಕೊಂಡು ಹೋದಳು. ಒಳ್ಳೆಯ ಬಿಸಿಲು.

ಮೊಣಕಾಲಿನ ಹತ್ತಿರ ಅಡ್ಡಕ್ಕೆ ಒಂದು ಪಟ್ಟಿ. ಅಂಗೈ ಅಗಲ. ಕೆಂಪೇ, ಆದರೆ ಬೇರೆ ಕೆಂಪು. ನೆರಳಿಗೆ ಬಂದರೆ ಕಾಣುವುದಿಲ್ಲ. ಮನೆಯೊಳಗೆ ಟ್ಯೂಬ್‌ಲೈಟ್ ಕೆಳಗೆ ನಿಲ್ಲಿಸಿ ನೋಡಿದೆ, ಪೂರ್ತಿ ಮಾಯ. ಮತ್ತೆ ತಾರಸಿಗೆ ಕರೆದೆ.

"ಏನ್ರಿ, ಹಬ್ಬದ ದಿನ ಮೇಲೆ ಕೆಳಗೆ ಅಂತ ಓಡಿಸ್ತೀರಿ?"

ನೇಯುವವರ ಮನೆಯಲ್ಲಿ ಹುಟ್ಟಿದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಬೇರೆ ಬೇರೆ ಸಲ ಬಣ್ಣಕ್ಕೆ ಹಾಕಿದ ಎರಡು ಕಂತಿನ ನೂಲು ಬೆರೆತಿದೆ. ಹಗಲು ಬೆಳಕಿನಲ್ಲಿ ಕಣ್ಣಿಗೆ ಬೀಳುತ್ತಿತ್ತು, ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡಿದೆ. ಅತ್ತೆಯ ಕೈಯಲ್ಲಿ ಇಂಥ ಸೀರೆ ನಾನು ಕಂಡಿಲ್ಲ.

ಕೇಳಿದೆ. ವಿನೋದಿನಿ ಮೊದಲು ಏನಿಲ್ಲ ಅಂದಳು. ಆಮೇಲೆ ಕಣ್ಣು ತಪ್ಪಿಸಿ ಹೇಳಿದಳು. ಸೀರೆ ಕೊಂಡುಕೊಳ್ಳುವ ಅಂಗಡಿಯವರು ಇದನ್ನೂ ಇನ್ನೊಂದನ್ನೂ ವಾಪಸ್ ಕಳಿಸಿದರಂತೆ. "ಅಮ್ಮಂಗೆ ಕಣ್ಣು ಮಂಜಾಗೈತಂತೆ. ಅದ್ಕೇ ನಂಗೆ ಕೊಟ್ಟಳು. ನೀವು ಅವ್ರತ್ರ ಕೇಳ್ಬೇಡಿ, ಪ್ಲೀಸ್."

ಕಣ್ಣು ಮಂಜಾಗಿದೆ. ಹಾಗಿದ್ದರೆ ಸರಿ... ವಯಸ್ಸಾಯಿತಲ್ಲ. ಆ ಮಾತು ಕೇಳಿ ನನ್ನ ಎದೆ ಹಗುರವಾಯಿತು. ನಾಚಿಕೆಗೆಟ್ಟವನು ನಾನು, ಹಗುರವಾಯಿತು.

ಅಕ್ಟೋಬರ್ 25, ಶನಿವಾರ

ಅತ್ತೆಯನ್ನು ಪೊಳ್ಳಾಚಿಗೆ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ನಾನೇ ಹಟ ಮಾಡಿ. ಮಾವ ಬೇಡ ಬೇಡ ಅಂದರು, ಆದರೆ ಅಳಿಯನ ಮಾತಲ್ಲವೇ, ಮೀರಲಿಲ್ಲ.

ಡಾಕ್ಟರಮ್ಮ ಬೋರ್ಡಿನ ಕಡೇ ಸಾಲಿನವರೆಗೂ ಓದಿಸಿದರು. ಬಣ್ಣದ ಚುಕ್ಕೆ ತೋರಿಸಿದರು. "ಈ ವಯಸ್ಸಿಗೆ ಇಂಥ ಕಣ್ಣು ನೋಡಿ ಬಹಳ ದಿನ ಆಯ್ತು. ಹತ್ತಿರದ್ದಕ್ಕೆ ಹಾಕ್ಕೊಳ್ಳೋ ಈ ಕನ್ನಡಕನೇ ಸಾಕು" ಅಂದರು. ನಾನು ಇನ್ನೊಂದು ಸಲ ನೋಡಿ ಅಂದೆ. ಇನ್ನೊಂದು ಸಲ! ಕಣ್ಣಿನಲ್ಲಿ ಏನಾದರೂ ದೋಷ ಸಿಕ್ಕಲಿ ಅಂತ ದೇವರಲ್ಲಿ ಬೇಡಿಕೊಳ್ಳುತ್ತ ಅಲ್ಲಿ ಬೆಂಚಿನ ಮೇಲೆ ಕೂತಿದ್ದೆ. ಸ್ವಂತ ಅತ್ತೆಯ ಕಣ್ಣು.

ವಾಪಸ್ ಬರುವಾಗ ಕಾರಿನಲ್ಲಿ ಅತ್ತೆ ಹಿಂದಿನ ಸೀಟು. ಕಿಟಕಿಗೆ ಹೇಳಿದರು: "ಮಾಪ್ಳೆಗೆ ಸುಮ್ನೆ ಅಲೆದಾಟ."

ಅಕ್ಟೋಬರ್ 29, ಬುಧವಾರ. ಮಧ್ಯಾಹ್ನ 3, ರಸ್ತೆ ಬದಿ, ಕಾರಿನೊಳಗೆ

ಮನೆ ಮುಟ್ಟುವವರೆಗೆ ಕಾಯಲಾಗಲಿಲ್ಲ. ಬರೆದು ಮುಗಿಸುತ್ತೇನೆ.

ಪೊಳ್ಳಾಚಿಯಲ್ಲಿ ಸೈಟ್ ಇತ್ತು. ಬರುತ್ತ ಹೇಳದೆ ಕೇಳದೆ ನೆಗಮಂ ಮನೆಗೆ ಹೋದೆ. ಯಾವತ್ತೂ ಹಾಗೆ ಹೋದವನಲ್ಲ, ಮೊದಲೇ ಫೋನ್ ಮಾಡುತ್ತೇನೆ. ಬಾಗಿಲು ಮುಚ್ಚಿತ್ತು. ಒಳಗೆ ಸದ್ದಿಲ್ಲ. ಕಿಟಕಿಯಿಂದ ನೋಡಿದೆ—ಮಗ್ಗ ಕತ್ತಲಲ್ಲಿ. ಹಾಸಿನ ನೂಲಿನ ಮೇಲೆ ಹಳೇ ಪಂಚೆ ಹೊದೆಸಿದ್ದಾರೆ. ಎಷ್ಟೋ ದಿನದ ಧೂಳು.

ಮಗ್ಗದ ಸದ್ದು ಪಕ್ಕದ ಮನೆಯಿಂದ ಬರುತ್ತಿತ್ತು. ಚಂದ್ರಕ್ಕನ ಮನೆ. ಅವಳ ಗಂಡ ತೀರಿಕೊಂಡ ಮೇಲೆ ಅಲ್ಲಿ ಒಂದು ಮಗ್ಗ ಸುಮ್ಮನೆ ನಿಂತಿತ್ತು. ಬಾಗಿಲು ತೆರೆದಿತ್ತು, ನೋಡಿದೆ. ಗಾಜಿನ ಹೆಂಚಿನಿಂದ ಬೆಳಕು ಬೀಳುತ್ತಿತ್ತು, ಅದರ ಕೆಳಗೆ ಅತ್ತೆ ನೇಯುತ್ತಿದ್ದರು. ತಲೆ ಎತ್ತಿದರು. ನನ್ನನ್ನು ಕಂಡರು. ಲಾಳಿ ಅಲ್ಲೇ ಬಿಟ್ಟು, ಹಿತ್ತಿಲ ಬಾಗಿಲಿಂದ ಓಡಿದರು. ಅರವತ್ತು ದಾಟಿದ ಹೆಂಗಸು, ಸೀರೆ ಎತ್ತಿ ಹಿಡಿದುಕೊಂಡು ಓಡಿದರು.

ಚಂದ್ರಕ್ಕ ಹೊರಗೆ ಬಂದು ಬಾಗಿಲಿಗೆ ಅಡ್ಡ ನಿಂತಳು. "ಏನ್ ತಂಬಿ, ಫೋನ್ ಮಾಡ್ದೆ ಬಂದ್ಬಿಟ್ಟೆ? ಪಾಪ, ಅವ್ಳು ಓಡೋ ಥರ ಆಯ್ತು."

"ಅತ್ತೆ ಇಲ್ಯಾಕೆ..."

"ಇಲ್ಯಾಕೆ ಅಂದ್ರೆ? ಅಲ್ಲಿ ವೆಳಿಚ್ಚ ಎಲ್ಲೈತೆ? ಬೆಳಕನ್ನ ನೀನ್ ಮುಚ್ಬಿಟ್ಟೆಯಲ್ಲ. ಅಂಗಡಿಯಿಂದ ಸೇಲೆ ವಾಪಸ್ ಬಂದ್ ಮೇಲೆ ದಿನಾ ಇಲ್ಲೇ ನೇಯೋದು, ಬೀದಿಗೆ ಗೊತ್ತಾಗ್ಬಾರ್ದು ಅಂತ ಹಿತ್ಲ ಕಡೆಯಿಂದ ಬರ್ತಾಳೆ. ನೀನ್ ಬರ್ತೀಯ ಅಂತ ಫೋನ್ ಬಂದ್ರೆ ಓಡೋಗಿ ಅಲ್ಲಿ ಕೂತ್ಕೋತಾಳೆ. ಮಾಪ್ಳೆಗೆ ಬೇಜಾರಾಗ್ಬಾರ್ದು ಅಂತ ನಂಗೂ ಬಾಯಿಗೆ ಬೀಗ ಹಾಕ್ಸಿದ್ಲು. ನಾನೇನ್ ನಿನ್ಗೆ ಅತ್ತೆಯಾ? ಹೇಳ್ದೆ."

ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಮಾವನ ಮನೆ ಬಾಗಿಲಿಗೆ ಬಂದಾಗ ಅದು ತೆರೆದಿತ್ತು. ಟ್ಯೂಬ್‌ಲೈಟ್ ಉರಿಯುತ್ತಿತ್ತು. ಅತ್ತೆ ಮಗ್ಗದ ಮುಂದೆ ಕೂತಿದ್ದರು. ಉಸಿರು ಇನ್ನೂ ಮೇಲೆ ಕೆಳಗೆ. ಪಂಚೆ ಅರ್ಧ ಎಳೆದಿತ್ತು.

"ಮಾಪ್ಳೆ ಬಂದ್ರಾ... ಕಾಪಿ ಹಾಕ್ಲಾ?" ಗೋಡೆಗೆ ಕೇಳಿದರು. ಮಾವ ಮನೆಯಲ್ಲಿರಲಿಲ್ಲ.

ಹಾಕಿ ಅಂದೆ. ಕುಡಿದೆ. ಲೋಟ ಕೆಳಗಿಟ್ಟು ಎದ್ದು ಬಂದೆ. ಅವರು ಆಡಿದ ನಾಟಕವನ್ನು ನಾನೂ ಆಡಿ ಬಂದೆ.

ನವೆಂಬರ್ 4, ಮಂಗಳವಾರ

ಎರಡೇ ಎರಡು ಪ್ಯಾನೆಲ್. ನಾಲ್ಕು ಬೋಲ್ಟ್, ಎರಡು ಕೇಬಲ್. ಬಿಚ್ಚಿದರೆ ಮುಗಿಯಿತು. ಇದಕ್ಕೆ ವಾರವೆಲ್ಲ ನಿದ್ದೆ ಕೆಟ್ಟಿದ್ದೇನೆ.

ಬೆಳಿಗ್ಗೆ ಮೋಹನ್‌ರಾಜ್ ಸಾರ್ ರೂಮಿಗೆ ಹೋದೆ. "ನೆಗಮಂ ಸೈಟಿನಲ್ಲಿ ಸಣ್ಣ ಆಲ್ಟರೇಶನ್ ಇದೆ ಸಾರ್" ಅಂದೆ. ಏನು, ಯಾಕೆ—ಹೇಳಲಿಲ್ಲ. ಫೋನಿನಲ್ಲಿದ್ದರು. "ಫಂಕ್ಷನ್ ಮುಗೀಲಿ ಸತೀಶ್. ಗೆಸ್ಟ್‌ಗಳನ್ನ ವ್ಯಾನಲ್ಲಿ ಅಲ್ಲಿಗೇ ಕರ್ಕೊಂಡು ಹೋಗ್ತಿದೀವಿ, ಈಗ ಕೈ ಹಾಕ್ಬೇಡಿ" ಅಂದರು. ಸರಿ ಸಾರ್ ಅಂದೆ. ಎಷ್ಟು ಬೇಗ ಅಂದೆ! ಯಾರಾದರೂ ತಡೆಯಲಿ ಅಂತಲೇ ಕಾಯುತ್ತಿದ್ದವನ ಹಾಗೆ.

ಸಂಜೆ ಟೀ ಹೊತ್ತಿಗೆ ಅವರು, "ಏನ್ರೀ, ಮಾವನ ಮನೆ ಕರೆಂಟ್ ಕದ್ದು ಮಾರ್ತಿದೀರಾ, ಮುಖ ಹಿಂಗ್ಯಾಕೆ?" ಅಂತ ತಮಾಷೆ ಮಾಡಿದರು. ಎಲ್ಲರೂ ನಕ್ಕರು. ನನ್ನ ಮುಖಕ್ಕೆ ರಕ್ತ ನುಗ್ಗಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ನವೆಂಬರ್ 12, ಬುಧವಾರ. ನೆಗಮಂ

ಫಂಕ್ಷನ್‌ಗೆ ಅತ್ತೆಯಿಂದ ಎರಡು ಮಾತು ಬೇಕಂತೆ, ಮೈಕಿನಲ್ಲಿ, ವಿಡಿಯೋಗೆ. ಅವರಿಗೆ ಮೈಕ್ ಅಭ್ಯಾಸವಿಲ್ಲ. ಹೇಳಿಕೊಡುವ ಕೆಲಸ ನನ್ನದು. ವಿನೋದಿನಿ ನಡುವೆ ಕೂತಳು, ನಾನು ಅವಳಿಗೆ ಹೇಳಿದೆ, ಅವಳು ಅಮ್ಮನಿಗೆ.

ವಾಕ್ಯ ನನ್ನದೇ, ಹೇಳಬೇಕಾದದ್ದು ತಮಿಳಿನಲ್ಲಿ: 'ನಮ್ಮ ಮಾಪ್ಳೆ ಸೋಲಾರ್ ಹಾಕಿದ ಮೇಲೆ ಮನೆಗೆ ಸೂರ್ಯನೇ ಬಂದ ಹಾಗಾಯಿತು. ಮಗ್ಗಕ್ಕೆ ಒಳ್ಳೆಯ ಬೆಳಕು.'

ಅತ್ತೆ ಎರಡು ಸಲ ಹೇಳಿದರು. ಮೂರನೆಯ ಸಲ ನಿಲ್ಲಿಸಿ ಮಗಳ ಕಿವಿಯ ಹತ್ತಿರ ಕೇಳಿದರು: "ವೆಳಿಚ್ಚ ಅಂತ ಹೇಳ್ಲೇಬೇಕಾ? ಕರೆಂಟ್ ಅಂದ್ರೆ ಆಗಲ್ವಾ ಕೇಳು."

ನನಗೆ ಕೇಳಿಸಿತು. ಅವರು ಸುಳ್ಳಾಡದೆ ತಪ್ಪಿಸಿಕೊಳ್ಳಲು ಒಂದು ಸಂದು ಹುಡುಕುತ್ತಿದ್ದರು, ಅಷ್ಟೇ. ಬಿಡಬಹುದಿತ್ತು. ಕರೆಂಟ್ ಅಂದಿದ್ದರೆ ಯಾರ ಗಂಟು ಹೋಗುತ್ತಿತ್ತು?

"ಬೆಳಕು ಅಂತ್ಲೇ ಇರ್ಲಿ" ಅಂದೆ.

"ಶರಿ" ಅಂದರು.

ನವೆಂಬರ್ 15, ಶನಿವಾರ

ಅಂದರು. ಒಂದು ಅಕ್ಷರ ತಪ್ಪದೆ, ತಮಿಳಿನಲ್ಲಿ, ಮೈಕ್ ಹಿಡಿದು. ಬ್ಯಾಂಕಿನವರು, ಕಾಲೇಜಿನವರು, ಪಂಪ್ ಕಂಪನಿಯವರು ಮಗ್ಗದ ಸುತ್ತ ನಿಂತಿದ್ದರು. ಬೀದಿಯವರು ಬಾಗಿಲಲ್ಲಿ. ಹೊರಗೆ ಮೋಡ, ಒಳಗೆ ವಿಡಿಯೋದವರ ಲೈಟ್. ಹೇಳಿ ಮುಗಿಸಿ ತಲೆ ತಗ್ಗಿಸಿದರು. ನಾಚಿಕೊಂಡರು ಅಂತ ಎಲ್ಲರೂ ತಿಳಿದರು.

ಚಪ್ಪಾಳೆ. ನಾನೂ ತಟ್ಟಿದೆ. ಇದನ್ನು ಬರೆದಿಡಬೇಕು. ನಾನೂ ತಟ್ಟಿದೆ.

ಬಾಗಿಲ ಗುಂಪಿನಲ್ಲಿ ಚಂದ್ರಕ್ಕ ಇದ್ದಳು. ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಫಂಕ್ಷನ್ ಹಾಲ್‌ನಲ್ಲಿ ಸ್ಲೈಡ್ ತೋರಿಸಿದೆ, ಎಮ್ಮೆ ಕಂಬಕ್ಕೆ ಎಲ್ಲರೂ ನಕ್ಕರು, ಶಾಲು ಹೊದೆಸಿದರು. ಒಂದೂ ತಲೆಗೆ ಹೋಗಲಿಲ್ಲ.

ನವೆಂಬರ್ 16

ಬರೆಯಲು ಮನಸ್ಸಿಲ್ಲ.

ಡಿಸೆಂಬರ್ 3, ಬುಧವಾರ. ಆಫೀಸು

ಫಂಕ್ಷನ್ ಮುಗಿದ ಮೇಲೆ ಬಿಚ್ಚುತ್ತೇನೆ ಅಂದುಕೊಂಡಿದ್ದೆ. ಬಿಚ್ಚಲಿಲ್ಲ. ಮೊದಲ ಭಾನುವಾರ ಮಳೆ. ಎರಡನೆಯ ಭಾನುವಾರ ಮದುವೆ. ನೆವ ಬೇಕಾದವನಿಗೆ ಕ್ಯಾಲೆಂಡರ್ ತುಂಬ ನೆವ.

ಈಗ ಕೇಳಬಾರದ್ದು ಕೇಳಿದೆ. ವಿಡಿಯೋ ವಾಟ್ಸಾಪಿನಲ್ಲಿ ನೆಗಮಂ ಪೂರ್ತಿ ಸುತ್ತಿದೆ. ಅತ್ತೆಯ ಬೀದಿಯವರೇ, ನೇಯುವವರೇ, ಕೆಲವರು ನಮಗೂ ಅದೇ ಬೇಕು ಅಂತ ಆಫೀಸಿಗೆ ಬಂದಿದ್ದಾರೆ. ಮೊದಲು ಎದುರು ಮನೆಯ ನಟರಾಜನ್. ಅವರೂ ಗಂಡ ಹೆಂಡತಿ ನೇಯುವವರು. ಮೋಹನ್‌ರಾಜ್ ಸಾರ್ ಖುಷಿಯೋ ಖುಷಿ.

"ಯೋಚನೆ ಮಾಡಿದ್ರಾ?" ಅಂತ ನಟರಾಜನ್ ಅವರನ್ನು ಕೇಳಿದೆ.

"ಇದ್ರಲ್ಲಿ ಯೋಚ್ನೆ ಏನೈತೆ ಸಾರ್? ಬೇರೆಯವ್ರು ಹೇಳಿದ್ರೆ ನಂಬ್ತಿರ್ಲಿಲ್ಲ. ರುಕ್ಮಣಿಯಕ್ಕ ಹೇಳೈತೆ. ಅವ್ರು ಚಿಕ್ಕ ವಯಸ್ಸಿಂದ ಒಂದ್ ಸುಳ್ಳು ಹೇಳಿದ್ದು ನಾವ್ ಕೇಳಿಲ್ಲ."

ಸ್ವಂತ ಅತ್ತೆಯ ಮಗ್ಗಕ್ಕೆ ಕತ್ತಲೆ ಮಾಡಿದ್ದು ಸಾಲದೆ ಅವರ ಮಾತನ್ನೂ ಮಾರಾಟಕ್ಕಿಟ್ಟಿದ್ದೇನೆ. ಕೆಲಸ ಮುಂದಿನ ಬುಧವಾರ ಶುರು. ಸದ್ದಿಲ್ಲದೆ ಡ್ರಾಯಿಂಗ್ ಬದಲಿಸಿ ನಾಲ್ಕೇ ಪ್ಯಾನೆಲ್ ಹಾಕಿಬಿಡಲೇ? ಯಾಕೆ ನಮಗೆ ಕಮ್ಮಿ ಅಂತ ಕೇಳಿದರೆ? ಏನಾದರೂ ಹೇಳಬಹುದು... ಹೊಸ ಸುಳ್ಳು ಹುಡುಕುತ್ತ ಕೂತಿದ್ದೇನೆ, ಮಧ್ಯಾಹ್ನದಿಂದ.

ಡಿಸೆಂಬರ್ 10, ಬುಧವಾರ. ಸಂಜೆ

ಹೇಳಿಬಿಟ್ಟೆ.

ನಟರಾಜನ್ ಮನೆ ಮುಂದೆ ಪೂಜೆ. ಹೊಸ ಪ್ಯಾನೆಲ್‌ಗೆ ಕುಂಕುಮ, ಏಣಿಗೆ ಹೂವು. ಬೀದಿಯವರೆಲ್ಲ ಸೇರಿದ್ದರು. ಆರತಿ ತಟ್ಟೆ ಅತ್ತೆಯ ಕೈಗೆ ಕೊಟ್ಟಿದ್ದರು, ಅವರ ಮಾತಿನಿಂದಲೇ ಆದ ಕೆಲಸ ಅಂತ. ನಟರಾಜನ್ ಮೇಲೆ ನೋಡುತ್ತ ತಮ್ಮಷ್ಟಕ್ಕೆ ಅಂದರು: "ಕಣ್ಣಾಡಿ ಓಡು ಮುಚ್ಚೋಗುತ್ತೆ ಅಂತ ಕಾಣುತ್ತೆ. ಪರವಾಗಿಲ್ಲ ಬಿಡಿ. ರುಕ್ಮಣಿಯಕ್ಕನ ಮನೇಲೂ ಅಂಗೇ ತಾನೇ?"

ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. "ಹಾಕ್ಬೇಡಿ. ಮುಚ್ಚಿದ್ರೆ ನೇಯೋಕಾಗಲ್ಲ. ನಮ್ಮತ್ತೆ ಆ ಮಗ್ಗದಲ್ಲಿ ನೇಯ್ತಾ ಇಲ್ಲ. ಸೀರೆ ವಾಪಸ್ ಬಂತು. ಪಕ್ಕದ್ಮನೇಲಿ ನೇಯ್ತಾರೆ. ತಪ್ಪು ನಂದು, ಗೊತ್ತಿದ್ದೂ ಮಾಡಿದೆ." ಇಷ್ಟನ್ನೂ ಒಂದೇ ಉಸಿರಿಗೆ. ಎದೆಯ ಮೇಲಿನ ಕಲ್ಲು ಜಾರಿದ ಹಾಗಾಯಿತು. ಧೈರ್ಯವಂತ ಅನ್ನಿಸಿತು, ಒಂದು ಗಳಿಗೆ.

ಆಮೇಲೆ ನೋಡಿದೆ, ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಎಲ್ಲರ ಕಣ್ಣು ಅತ್ತೆಯ ಮೇಲೆ.

ನಟರಾಜನ್ ಹೆಂಡತಿ ಮೆಲ್ಲಗೆ, "ಅಕ್ಕಾ, ಮೈಕಲ್ಲಿ ನೀವೇ ತಾನೇ ಹೇಳಿದ್ದು?" ಅಂದಳು. ಬೈಗುಳವಲ್ಲ. ನಿಜವಾಗಿ ಅರ್ಥವಾಗದೆ ಕೇಳಿದ್ದು. ಅತ್ತೆ ತಟ್ಟೆಯನ್ನು ಜಗುಲಿಯ ಮೇಲಿಟ್ಟರು. ಕರ್ಪೂರ ಇನ್ನೂ ಉರಿಯುತ್ತಿತ್ತು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಾವ ನನ್ನ ಪಕ್ಕದಲ್ಲಿ ನಿಂತಿದ್ದರು. ಬೇರೆ ಮಾವನಾಗಿದ್ದರೆ ಕೊರಳಪಟ್ಟಿ ಹಿಡಿಯುತ್ತಿದ್ದರು. ಇವರು, "ಬಿಸ್ಲಲ್ಲಿ ನಿಂತಿದೀರಿ ಮಾಪ್ಳೆ, ನೆರಳಿಗೆ ಬನ್ನಿ" ಅಂದರು.

ಮೋಹನ್‌ರಾಜ್ ಸಾರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಕೆಲಸ ಹೋಗುತ್ತದೆ ಅಂತಲೇ ತಿಳಿದಿದ್ದೆ. "ಇಷ್ಟೇನಾ? ನಾಲ್ಕು ಪ್ಯಾನೆಲ್ ಹಾಕಿ, ಎರಡು ಕಿಲೋವ್ಯಾಟ್ ಅಂತ ಹೇಳೋಣ. ಮೊದಲೇ ಹೇಳ್ಬಾರ್ದಾ ಸತೀಶ್?" ಅಂದರು. ಅಷ್ಟೇ. ನಾನು ಹೆದರಿಕೊಂಡು ಕೂತಿದ್ದ ಗುಮ್ಮ ಅಲ್ಲಿ ಇರಲೇ ಇಲ್ಲ.

ವಿನೋದಿನಿ ಮಾತು ಬಿಟ್ಟಿದ್ದಾಳೆ. ಊಟಕ್ಕೆ ಬಡಿಸುವಾಗ ಒಂದೇ ಮಾತು. "ಅಮ್ಮ ನಿಮ್ ಮಾನ ಉಳಿಸೋಕೆ ಸುಳ್ಳು ಹೇಳಿದ್ಲು. ನೀವು ನಿಮ್ ಮನಸ್ಸು ಹಗುರ ಮಾಡ್ಕೊಳ್ಳೋಕೆ ನಿಜ ಹೇಳಿದ್ರಿ." ಹೇಳಲೇಬೇಕಿತ್ತು, ನಟರಾಜನ್ ಮನೆ ಉಳಿಯಿತು. ಆದರೆ ಮೊದಲು ಅತ್ತೆಯ ಹತ್ತಿರ ಹೋಗಿ ಒಂದು ಮಾತು ಕೇಳಬಹುದಿತ್ತು. ಅದು ಹೊಳೆಯಲೇ ಇಲ್ಲ. ಅಳತೆ ತೆಗೆದ ದಿನವೂ ಕೇಳಿರಲಿಲ್ಲ.

ಡಿಸೆಂಬರ್ 14, ಭಾನುವಾರ. ಮಧ್ಯಾಹ್ನ, ನೆಗಮಂ

ಬೆಳಿಗ್ಗೆಯೇ ಬಂದೆ. ಒಬ್ಬನೇ ಹತ್ತಿ ಎರಡು ಪ್ಯಾನೆಲ್ ಬಿಚ್ಚಿದೆ. ಮಾವ ಏಣಿ ಹಿಡಿದುಕೊಂಡಿದ್ದರು. ಗಾಜಿನ ಹೆಂಚಿನ ಮೇಲಿನ ಕೆಸರು ಒರೆಸಿದೆ. ಒಳಗೆ ಬೆಳಕು ಬಿದ್ದದ್ದು ಮೇಲಿನಿಂದಲೇ ಕಂಡಿತು. ಹಾಸಿನ ಕೆಂಪು ನೂಲು, ಮಗ್ಗದ ಮರ, ಗುಂಡಿಯ ಅಂಚು.

ಈ ವಾರದಲ್ಲಿ ಅತ್ತೆ ಚಂದ್ರಕ್ಕನ ಮನೆಗೂ ಹೋಗಿಲ್ಲವಂತೆ. ನೀರು ತರಲೂ ಬೀದಿಗೆ ಇಳಿದಿಲ್ಲ. ನಟರಾಜನ್ ಹೆಂಡತಿ ಬಂದು ಕರೆದರೂ ತಲೆನೋವು ಅಂದರಂತೆ.

ಮಾವ ಕರೆದರು, "ಬಾ, ಬಂದ್ ನೋಡು, ಮಾಪ್ಳೆ ಬಿಚ್ಬಿಟ್ರು. ಕೂತ್ಕೊ."

ಬಂದರು. ಮಗ್ಗದ ಹತ್ತಿರ ನಿಂತು ನೂಲಿನ ಮೇಲೆ ಕೈಯಾಡಿಸಿದರು. ಕೂರಲಿಲ್ಲ. ನಾನು ಏಣಿಯಿಂದ ಇಳಿದು ಬಾಗಿಲಲ್ಲಿ ನಿಂತೆ, ಸ್ಪ್ಯಾನರ್ ಕೈಯಲ್ಲೇ ಇತ್ತು. ತಪ್ಪಾಯಿತು ಅತ್ತೆ ಅನ್ನಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅಷ್ಟರಲ್ಲಿ ಅವರೇ ತಿರುಗಿದರು. ಮಾವನ ಕಡೆಗಲ್ಲ, ಗೋಡೆಯ ಕಡೆಗಲ್ಲ. ಮದುವೆಯಾದಾಗಿನಿಂದ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಅವತ್ ಮೈಕಲ್ಲಿ ಏನ್ ಹೇಳ್ಬೇಕು ಅಂತ ನೀವೇ ಹೇಳ್ಕೊಟ್ರಿ ಮಾಪ್ಳೆ. ನಾಳೆ ಬೀದಿಗೆ ಇಳಿದಾಗ ಯಾಕೆ ಸುಳ್ಳು ಹೇಳ್ದೆ ಅಂತ ಜನ ಕೇಳ್ತಾರೆ. ಏನ್ ಹೇಳ್ಲಿ? ಅದ್ನೂ ನೀವೇ ಹೇಳ್ಕೊಡಿ."

ಕೇಳಿ ಹಾಗೇ ನಿಂತರು. ನಿಜವಾಗಿಯೂ ಉತ್ತರಕ್ಕೆ ಕಾಯುತ್ತ.

ಸ್ಪ್ಯಾನರ್ ಇಟ್ಟು ಬರುವ ನೆವದಲ್ಲಿ ಹೊರಗೆ ಬಂದು, ಹಿತ್ತಿಲ ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಮಗ್ಗದ ಸದ್ದಿಲ್ಲ. ಅತ್ತೆ ಇನ್ನೂ ಅಲ್ಲೇ ನಿಂತಿದ್ದಾರೆ, ಕಿಟಕಿಯಲ್ಲಿ ಸೆರಗು ಕಾಣುತ್ತಿದೆ. ಒಳಗೆ ಹೋಗಿ ಏನಾದರೂ ಹೇಳಬೇಕು, ಮೊದಲು ಇಲ್ಲಿ ಬರೆದು ನೋಡುತ್ತೇನೆ. ಅತ್ತೆ, ಜನ ಕೇಳಿದರೆ ನೀವು...